ರೂಪಾಯಿ ಕರಗಿತು, ಊರು ಮುಳುಗಿತು: ಆಲಮಟ್ಟಿಯ ಲೆಕ್ಕಪತ್ರದ ಚರಿತ್ರೆ

1964ರ ಮೇ 22ರಂದು ಅಂದಿನ ಕೇಂದ್ರ ಸಚಿವ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಬಿಜಾಪುರ ಜಿಲ್ಲೆಯ ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. ಅದಾಗಿ ಐದನೆಯ ದಿನ ನೆಹರೂ ತೀರಿಕೊಂಡರು. ಮರುತಿಂಗಳು ಶಾಸ್ತ್ರಿಯವರೇ ಪ್ರಧಾನಿಯಾದರು. ಯೋಜನಾ ಆಯೋಗವು 1963ರಲ್ಲಿ ಒಪ್ಪಿಗೆ ಕೊಟ್ಟ ಮೊದಲ ಹಂತದ ಅಂದಾಜು ವೆಚ್ಚ 58 ಕೋಟಿ 20 ಲಕ್ಷ ರೂಪಾಯಿ. ಯೋಜನೆ ಪೂರ್ಣಗೊಂಡಿತೆಂದು ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಆಲಮಟ್ಟಿ ಜಲಾಶಯವನ್ನು ನಾಡಿಗೆ ಅರ್ಪಿಸಿದ್ದು 2006ರ ಆಗಸ್ಟ್ 21ರಂದು. ನಡುವೆ ನಲವತ್ತೆರಡು ವರ್ಷಗಳು ಸರಿದಿದ್ದವು. ಖರ್ಚು ಸಾವಿರಾರು ಕೋಟಿಗೆ ಮುಟ್ಟಿತ್ತು.

ಐವತ್ತೆಂಟು ಕೋಟಿ ಸಾವಿರಾರು ಕೋಟಿ ಆದದ್ದು ಹೇಗೆ ಎಂದು ಕೇಳಿದರೆ ಕಚೇರಿಗಳಲ್ಲಿ ಸಿಗುವ ಉತ್ತರ ಒಂದೇ. ‘ಬೆಲೆಯೇರಿಕೆ ಸ್ವಾಮಿ, ಹಣದುಬ್ಬರ.’ ಈ ಉತ್ತರ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಅದು ಅರ್ಧ ಉತ್ತರ. ಹಣದುಬ್ಬರ ಎಲ್ಲರನ್ನೂ ಒಂದೇ ರೀತಿ ತಟ್ಟುವುದಿಲ್ಲ. ಅಣೆಕಟ್ಟಿನಂಥ ದೊಡ್ಡ ಕಾಮಗಾರಿಯ ಲೆಕ್ಕದೊಳಗೆ ಅದು ಎಲ್ಲಿ ಸೇರುತ್ತದೆ, ಎಲ್ಲಿ ಸೇರುವುದಿಲ್ಲ, ಸೇರದ ಕಡೆ ಅದರ ಹೊರೆ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ನೋಡಿದಾಗ ಮಾತ್ರ ಉಳಿದರ್ಧ ಉತ್ತರ ಸಿಗುತ್ತದೆ. ನಾವು ಎಂಜಿನಿಯರರಲ್ಲ, ಅರ್ಥಶಾಸ್ತ್ರಜ್ಞರೂ ಅಲ್ಲ. ಆದರೂ ಮುಳುಗಿದ ಊರುಗಳ ಕತೆಯನ್ನು ಕಣ್ಣೀರಿನ ಭಾಷೆಯಲ್ಲಷ್ಟೇ ಹೇಳಿ ಮುಗಿಸದೆ, ಲೆಕ್ಕದ ಭಾಷೆಯಲ್ಲೂ ಹೇಳಬೇಕಾದ ಕಾಲ ಬಂದಿದೆ ಎನಿಸಿ ಇದನ್ನು ಬರೆಯುತ್ತಿದ್ದೇವೆ.

ಮಹರ್‌ನ ಲೆಕ್ಕ, ಮಖ್ರೀಝಿಯ ಲೆಕ್ಕ

ಹಣದುಬ್ಬರವನ್ನು ಅರ್ಥ ಮಾಡಿಕೊಳ್ಳಲು ದೊಡ್ಡ ಪುಸ್ತಕಗಳು ಬೇಕಿಲ್ಲ. ನಮ್ಮ ಮನೆಗಳ ನಿಕಾಹ್ ಪತ್ರಗಳು ಸಾಕು. 1964ರಲ್ಲಿ ಒಬ್ಬ ವಧುವಿಗೆ ಐನೂರು ರೂಪಾಯಿ ಮಹರ್ ಗೊತ್ತಾಯಿತೆಂದು ಇಟ್ಟುಕೊಳ್ಳಿ. ಆಗ ಹತ್ತು ಗ್ರಾಂ ಚಿನ್ನದ ಬೆಲೆ ನೂರು ರೂಪಾಯಿಯ ಒಳಗೇ ಇತ್ತು. ಅಂದರೆ ಐನೂರು ರೂಪಾಯಿಗೆ ಐವತ್ತು ಗ್ರಾಮಿಗಿಂತ ಹೆಚ್ಚು ಬಂಗಾರ ಬರುತ್ತಿತ್ತು. ಗಂಡ ‘ಆಮೇಲೆ ಕೊಟ್ಟರಾಯಿತು’ ಎಂದು ಮಹರ್ ಉಳಿಸಿಕೊಂಡ. 2006ರಲ್ಲಿ ಆತ ತೀರಿಕೊಂಡಾಗ ಮಕ್ಕಳು ತಾಯಿಯ ಕೈಗೆ ಅದೇ ಐನೂರು ರೂಪಾಯಿ ಇಟ್ಟರು. ಆಗ ಹತ್ತು ಗ್ರಾಂ ಚಿನ್ನ ಎಂಟು ಸಾವಿರ ರೂಪಾಯಿ ದಾಟಿತ್ತು. ಕಾಗದದ ಮೇಲೆ ಬಾಕಿ ಪೂರ್ತಿ ತೀರಿದೆ. ಆದರೆ ಆ ಹೆಂಗಸಿಗೆ ಸಿಕ್ಕಿದ್ದು ಅರ್ಧ ಗ್ರಾಮಿನಷ್ಟು ಬಂಗಾರ. ಮಹರನ್ನು ಚಿನ್ನದಲ್ಲೋ ಬೆಳ್ಳಿಯಲ್ಲೋ ಗೊತ್ತುಮಾಡಿ ಎಂದು ಹಿರಿಯರು ಹೇಳುತ್ತಿದ್ದುದರ ಹಿಂದೆ ಈ ತಿಳಿವಳಿಕೆ ಇತ್ತು. ಒಂದು ರೂಪಾಯಿಗೆ ಎರಡು ಮುಖ. ಅದರ ಮೇಲೆ ಅಚ್ಚಾದ ಸಂಖ್ಯೆ ಒಂದಾದರೆ, ಅದಕ್ಕೆ ಸಿಗುವ ಸಾಮಾನು ಇನ್ನೊಂದು.

ಈ ಎರಡು ಮುಖಗಳನ್ನು ಆರು ಶತಮಾನದ ಹಿಂದೆಯೇ ಸ್ಪಷ್ಟವಾಗಿ ಗುರುತಿಸಿದವರು ಕೈರೋದ ಇತಿಹಾಸಕಾರ ಅಲ್ ಮಖ್ರೀಝಿ (1364-1442). ಅವರು ಕೈರೋದ ಮುಹ್ತಸಿಬ್, ಅಂದರೆ ಪೇಟೆಯ ತೂಕ, ಅಳತೆ, ಬೆಲೆಗಳ ಮೇಲ್ವಿಚಾರಕರಾಗಿಯೂ ಕೆಲಸ ಮಾಡಿದವರು. ಹದಿನೈದನೆಯ ಶತಮಾನದ ಆರಂಭದಲ್ಲಿ ಈಜಿಪ್ಟ್ ಕ್ಷಾಮದಿಂದ, ತುಟ್ಟಿಯಿಂದ ತತ್ತರಿಸಿದಾಗ ಅವರು ಆ ಕುರಿತು ಒಂದು ಗ್ರಂಥವನ್ನೇ ಬರೆದರು. ಲಂಚ ಕೊಟ್ಟು ಹುದ್ದೆ ಹಿಡಿಯುವುದು, ಹೊಲಗಳ ಗೇಣಿ ಏರುವುದು, ಆಳುವವರು ಅಳತೆಯಿಲ್ಲದೆ ತಾಮ್ರದ ಫುಲೂಸ್ ನಾಣ್ಯ ಟಂಕಿಸುವುದು ಎಂದು ಮೂರು ಕಾರಣಗಳನ್ನು ಅವರು ಕೊಟ್ಟರು. ತಾಮ್ರದ ನಾಣ್ಯದಲ್ಲಿ ಎಣಿಸಿದರೆ ಎಲ್ಲವೂ ಗಗನಕ್ಕೇರಿದೆ, ಚಿನ್ನ ಬೆಳ್ಳಿಯಲ್ಲಿ ಎಣಿಸಿದರೆ ಅಷ್ಟೇನೂ ಏರಿಲ್ಲ ಎಂಬುದು ಅವರ ಮಾತಿನ ತಿರುಳು. ಇವತ್ತು ಅರ್ಥಶಾಸ್ತ್ರದ ತರಗತಿಗಳಲ್ಲಿ ‘ನಾಮಮಾತ್ರ ಬೆಲೆ’ ಮತ್ತು ‘ನೈಜ ಬೆಲೆ’ ಎಂದು ಹೇಳಿಕೊಡುವುದು ಇದನ್ನೇ.

ಅಂದಾಜುಪಟ್ಟಿ ಯಾವ ದಿನದ್ದು?

ಅಣೆಕಟ್ಟಿನ ಅಂದಾಜುಪಟ್ಟಿ ತಯಾರಾಗುವುದು ಒಂದು ವರ್ಷದ ದರಪಟ್ಟಿಯ ಆಧಾರದ ಮೇಲೆ. ಆ ವರ್ಷ ಸಿಮೆಂಟಿಗೆ ಎಷ್ಟು, ಕಬ್ಬಿಣಕ್ಕೆ ಎಷ್ಟು, ಮಣ್ಣು ಅಗೆಯುವ ಕೂಲಿ ಎಷ್ಟು, ಮುಳುಗುವ ಹೊಲಕ್ಕೆ ಎಕರೆಗೆ ಎಷ್ಟು ಎಂದು ಕೂಡಿಸುತ್ತಾರೆ. ಕೆಲಸ ನಡೆಯುವುದು ಹತ್ತು, ಇಪ್ಪತ್ತು, ನಲವತ್ತು ವರ್ಷ. ಪಟ್ಟಿಯಲ್ಲಿರುವುದು ಮಾತ್ರ ಒಂದೇ ವರ್ಷದ ಬೆಲೆ.

ಹಾಗಾದರೆ ಯೋಜನೆಯಿಂದ ಲಾಭವೋ ನಷ್ಟವೋ ಎಂದು ಸರಕಾರಗಳು ತೂಗುತ್ತಿದ್ದುದು ಹೇಗೆ? ಬ್ರಿಟಿಷರ ಕಾಲದಲ್ಲಿ ನೀರಾವರಿ ಕಾಮಗಾರಿಗಳಲ್ಲಿ ಎರಡು ಜಾತಿಗಳಿದ್ದವು. ಕಾಮಗಾರಿ ಮುಗಿದು ಹತ್ತು ವರ್ಷದೊಳಗೆ ನೀರಿನ ತೆರಿಗೆಯಿಂದ ಸಾಲದ ಬಡ್ಡಿ ಹುಟ್ಟುವುದಾದರೆ ಅದು ‘ಉತ್ಪಾದಕ’. ಬಡ್ಡಿ ಹುಟ್ಟದಿದ್ದರೂ ಬರಗಾಲದಿಂದ ಜನರನ್ನು ಉಳಿಸುವುದಾದರೆ ಅದು ‘ರಕ್ಷಣಾತ್ಮಕ’. ಈ ಎರಡನೆಯ ಜಾತಿ ಬಂದದ್ದು 1880ರ ಕ್ಷಾಮ ಆಯೋಗದ ನಂತರ. ಸರಕಾರದ ಬೊಕ್ಕಸಕ್ಕೆ ಎಷ್ಟು ವಾಪಸು ಬರುತ್ತದೆ ಎಂಬುದೇ ಆಗಿನ ಮುಖ್ಯ ಪ್ರಶ್ನೆಯಾಗಿತ್ತು.

ಸ್ವಾತಂತ್ರ್ಯಾನಂತರ ಈ ಪ್ರಶ್ನೆ ಬದಲಾಯಿತು. ಬದಲಾಯಿಸಿದವರಲ್ಲಿ ನಮ್ಮವರೇ ಆದ ಎಸ್. ನಿಜಲಿಂಗಪ್ಪನವರೂ ಒಬ್ಬರು. ಆಲಮಟ್ಟಿಗೆ ಅಡಿಗಲ್ಲು ಬಿದ್ದ ಅದೇ 1964ರಲ್ಲಿ, ಅವರ ಅಧ್ಯಕ್ಷತೆಯ ಸಮಿತಿಯೊಂದು ನೀರಾವರಿ ಯೋಜನೆಗಳ ಆದಾಯದ ಬಗ್ಗೆ ವರದಿ ಕೊಟ್ಟಿತು. ಬೊಕ್ಕಸಕ್ಕೆ ಬರುವ ಬಡ್ಡಿಯನ್ನಷ್ಟೇ ನೋಡದೆ ನಾಡಿಗೆ ಒಟ್ಟು ಆಗುವ ಲಾಭವನ್ನು ನೋಡಿ, ಅದು ವೆಚ್ಚದ ಒಂದೂವರೆ ಪಟ್ಟಾದರೂ ಇರಲಿ ಎಂಬುದು ಅದರ ನಿಲುವು. ಇದನ್ನೇ ಲಾಭ-ವೆಚ್ಚ ಅನುಪಾತ ಎನ್ನುತ್ತಾರೆ. ನೀರು ಬರುವ ಮೊದಲು ಹೊಲದ ನಿವ್ವಳ ಹುಟ್ಟುವಳಿ ಎಷ್ಟು, ಬಂದ ನಂತರ ಎಷ್ಟು ಎಂಬ ವ್ಯತ್ಯಾಸ ಒಂದು ತಟ್ಟೆಯಲ್ಲಿ. ಬಂಡವಾಳದ ಮೇಲಿನ ಬಡ್ಡಿ, ಸವಕಳಿ, ನಿರ್ವಹಣೆ ಇನ್ನೊಂದು ತಟ್ಟೆಯಲ್ಲಿ. ಬರಪೀಡಿತ ಪ್ರದೇಶಗಳಿಗೆ ಒಂದೂವರೆಯ ಬದಲು ಒಂದು ಇದ್ದರೂ ಸಾಕು ಎಂಬ ರಿಯಾಯಿತಿಯೂ ಮುಂದೆ ಬಂತು. 1983ರಲ್ಲಿ ನಿತಿನ್ ದೇಸಾಯಿ ಸಮಿತಿಯು ಅನುಪಾತದ ಬದಲು ಯೋಜನೆಯ ಒಳಗಿನ ಪ್ರತಿಫಲ ದರವನ್ನು ನೋಡಿ, ಅದು ಸಾಮಾನ್ಯವಾಗಿ ಶೇ. 9, ಬರಪೀಡಿತ ಪ್ರದೇಶದಲ್ಲಿ ಶೇ. 7 ಇರಲಿ ಎಂದಿತು. ಆದರೂ ಹಳೆಯ ಅನುಪಾತವೇ ಬಳಕೆಯಲ್ಲಿ ಉಳಿಯಿತು.

ಒಂದು ಸಣ್ಣ ಲೆಕ್ಕ

ಈ ಎಲ್ಲ ವಿಧಾನಗಳಲ್ಲೂ ವೆಚ್ಚ ಮತ್ತು ಲಾಭ ಎರಡನ್ನೂ ಒಂದೇ ವರ್ಷದ ಸ್ಥಿರ ಬೆಲೆಯಲ್ಲಿ ಎಣಿಸುವುದು ರೂಢಿ. ಬೆಲೆ ಏರಿದರೆ ಎರಡೂ ತಟ್ಟೆಗಳಲ್ಲಿ ಸಮನಾಗಿ ಏರುತ್ತದೆ, ಆದ್ದರಿಂದ ಹಣದುಬ್ಬರವನ್ನು ಮರೆಯಬಹುದು ಎಂಬುದು ಇದರ ಹಿಂದಿನ ತರ್ಕ. ತರ್ಕ ಅಷ್ಟರಮಟ್ಟಿಗೆ ಸರಿ. ಎಡವಟ್ಟಾಗುವುದು ಬಡ್ಡಿದರದಲ್ಲಿ.

ಬ್ಯಾಂಕು ಶೇ. 15 ಬಡ್ಡಿ ಕೇಳುತ್ತದೆ, ಬೆಲೆಗಳು ವರ್ಷಕ್ಕೆ ಶೇ. 8 ಏರುತ್ತಿವೆ ಎಂದುಕೊಳ್ಳೋಣ. ಆ ಹದಿನೈದರಲ್ಲಿ ದೊಡ್ಡ ಪಾಲು ರೂಪಾಯಿ ಕರಗುವುದಕ್ಕೆ ಬ್ಯಾಂಕು ಮೊದಲೇ ವಸೂಲು ಮಾಡಿಕೊಳ್ಳುವ ಪರಿಹಾರ. ನಿಜವಾದ ಬಡ್ಡಿ ಸುಮಾರು ಶೇ. ಆರೂವರೆ. ಬಡ್ಡಿಯೊಳಗೆ ಹಣದುಬ್ಬರ ಹೀಗೆ ಅಡಗಿರುತ್ತದೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ಅರ್ವಿಂಗ್ ಫಿಶರ್ 1896ರಲ್ಲೇ ವಿವರಿಸಿದ್ದರು.

ಈಗ ಕಾಲುವೆಯ ನೀರಿನಿಂದ ಇಪ್ಪತ್ತನೆಯ ವರ್ಷದಲ್ಲಿ, ಇಂದಿನ ಬೆಲೆಯಲ್ಲಿ 100 ರೂಪಾಯಿಯ ಹೆಚ್ಚುವರಿ ಜೋಳ ಬರುತ್ತದೆ ಎನ್ನಿ. ಅದರ ಇಂದಿನ ಮೌಲ್ಯ ಎಷ್ಟು? ಬೆಲೆಯೇರಿಕೆ ಸೇರಿಸಿದರೆ ಆ ಜೋಳ ಆಗ ಸುಮಾರು 466 ರೂಪಾಯಿಗೆ ಮಾರಾಟವಾಗುತ್ತದೆ. ಅದನ್ನು ಶೇ. 15ರಂತೆ ಇಪ್ಪತ್ತು ವರ್ಷ ಹಿಂದಕ್ಕೆ ತಂದರೆ ಸುಮಾರು 28 ರೂಪಾಯಿ 50 ಪೈಸೆ. ಅಥವಾ ಬೆಲೆಯೇರಿಕೆಯನ್ನು ಬಿಟ್ಟು 100 ರೂಪಾಯಿಯನ್ನೇ ನಿಜಬಡ್ಡಿಯ ದರದಲ್ಲಿ ಹಿಂದಕ್ಕೆ ತಂದರೂ ಅದೇ 28 ರೂಪಾಯಿ 50 ಪೈಸೆ. ಎರಡೂ ದಾರಿ ಒಂದೇ ಊರಿಗೆ ಹೋಗುತ್ತವೆ. ಆದರೆ ಬೆಳೆಯನ್ನು ಸ್ಥಿರ ಬೆಲೆಯಲ್ಲಿ ಎಣಿಸಿ, ಬಡ್ಡಿಯನ್ನು ಮಾತ್ರ ಬ್ಯಾಂಕಿನ ಹದಿನೈದರಲ್ಲೇ ಹಿಡಿದರೆ ಉಳಿಯುವುದು ಬರೀ 6 ರೂಪಾಯಿ. ಒಳ್ಳೆಯ ಯೋಜನೆಯೂ ದಂಡವೆಂದು ಕಾಣುತ್ತದೆ. ತಿರುಗಾಮುರುಗಾ ಮಾಡಿ, ಬೆಳೆಯನ್ನು 466ರಲ್ಲಿ ಎಣಿಸಿ ಬಡ್ಡಿಯನ್ನು ಆರೂವರೆಯಲ್ಲಿ ಹಿಡಿದರೆ 132 ರೂಪಾಯಿ ದಾಟುತ್ತದೆ. ಕೆಟ್ಟ ಯೋಜನೆಯೂ ಕಾಮಧೇನುವಾಗುತ್ತದೆ. ಒಂದೇ ಕಾಲುವೆ, ಒಂದೇ ಜೋಳ. ಲೆಕ್ಕ ಬರೆಯುವವನ ಲೇಖನಿಯಲ್ಲಿ ಆರಕ್ಕೂ ಇಳಿಯುತ್ತದೆ, ನೂರಮೂವತ್ತಕ್ಕೂ ಏರುತ್ತದೆ.

ಇನ್ನೊಂದು ಎಡವಟ್ಟಿದೆ. ಎಲ್ಲ ಬೆಲೆಗಳೂ ಜೊತೆಜೊತೆಯಾಗಿ ಏರುತ್ತವೆ ಎಂದು ನಂಬುವುದು. ಸಿಮೆಂಟು, ಉಕ್ಕು, ಡೀಸೆಲ್, ಭೂಮಿ ಇವುಗಳ ಬೆಲೆ ಓಡುವ ವೇಗದಲ್ಲಿ ಜೋಳ, ಶೇಂಗಾಗಳ ಬೆಲೆ ಓಡುವುದಿಲ್ಲ. ನೀರಿನ ಕರವಂತೂ ರೂಪಾಯಿಯಲ್ಲಿ ಒಮ್ಮೆ ಗೊತ್ತಾದರೆ ವರ್ಷಗಟ್ಟಲೆ ಅಲ್ಲಾಡುವುದಿಲ್ಲ. ಕಾಲುವೆಗಳ ನಿರ್ವಹಣೆಗೂ ನೀರಿನ ಕರ ಸಾಲುತ್ತಿಲ್ಲವೆಂದು 1992ರಲ್ಲಿ ವೈದ್ಯನಾಥನ್ ಸಮಿತಿ ಎಚ್ಚರಿಸಿತ್ತು. ಕರ ಕರಗುತ್ತ ಹೋದಂತೆ ಹೂಳು ತೆಗೆಯಲು, ತೂಬು ರಿಪೇರಿ ಮಾಡಲು ಕಾಸಿಲ್ಲದಾಗುತ್ತದೆ. ಕೊನೆಯಂಚಿನ ರೈತನಿಗೆ ನೀರು ಮುಟ್ಟುವುದಿಲ್ಲ. ವರದಿಯಲ್ಲಿ ಬರೆದ ಲಾಭ ಆತನ ಹೊಲಕ್ಕೆ ಇಳಿಯುವುದೇ ಇಲ್ಲ.

ನಲವತ್ತೆರಡು ವರ್ಷ

ಈ ಲೆಕ್ಕವನ್ನು ಆಲಮಟ್ಟಿಯ ಮುಂದಿಟ್ಟು ನೋಡೋಣ. ಅಡಿಗಲ್ಲು ಬಿದ್ದ ಎರಡೇ ವರ್ಷಕ್ಕೆ, 1966ರ ಜೂನ್ 6ರಂದು, ರೂಪಾಯಿಯ ಅಪಮೌಲ್ಯವಾಯಿತು. 4 ರೂಪಾಯಿ 76 ಪೈಸೆಗೆ ಸಿಗುತ್ತಿದ್ದ ಡಾಲರಿಗೆ ಏಳೂವರೆ ರೂಪಾಯಿ ಕೊಡಬೇಕಾಯಿತು. 1969ರಲ್ಲಿ ಕೃಷ್ಣಾ ನೀರಿನ ಹಂಚಿಕೆಗೆ ಬಚಾವತ್ ನ್ಯಾಯಮಂಡಳಿ ನೇಮಕವಾಯಿತು. ಅದು 1973ರಲ್ಲಿ ತೀರ್ಪು ಕೊಟ್ಟ ಹೊತ್ತಿಗೆ ಅರಬ್-ಇಸ್ರೇಲ್ ಯುದ್ಧದ ಬೆನ್ನಿಗೆ ತೈಲದ ಬೆಲೆ ನಾಲ್ಕು ಪಟ್ಟಾಗುತ್ತಿತ್ತು. 1973-74ರಲ್ಲಿ ನಮ್ಮ ದೇಶದ ಸಗಟು ಬೆಲೆಗಳು ಶೇ. 20ರಷ್ಟು, ಮರುವರ್ಷ ಶೇ. 25ರಷ್ಟು ಏರಿದವು. ನೂರು ರೂಪಾಯಿಯ ಸಾಮಾನು ಎರಡೇ ವರ್ಷಕ್ಕೆ ನೂರೈವತ್ತಾಯಿತು. 1979-80ರ ತೈಲ ಬಿಕ್ಕಟ್ಟಿನಲ್ಲಿ ಮತ್ತೊಮ್ಮೆ ಶೇ. 17. 1991ರಲ್ಲಿ ಮತ್ತೆ ಅಪಮೌಲ್ಯ, ಮತ್ತೆ ಎರಡಂಕಿಯ ಏರಿಕೆ.

ಈ ಬಿರುಗಾಳಿಗಳ ನಡುವೆ ಕೆಲಸ ಕುಂಟುತ್ತ ಸಾಗಿತು. ಕೆಳಗಿನ ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿಯಿತು. ವಿಶ್ವಬ್ಯಾಂಕು 1978ರಲ್ಲೂ 1989ರಲ್ಲೂ ಸಾಲ ಕೊಟ್ಟಿತು. ಪುನರ್ವಸತಿ ಸರಿಯಾಗಿಲ್ಲವೆಂದು 1990ರ ದಶಕದಲ್ಲಿ ಹಣ ಬಿಡುಗಡೆಯನ್ನು ತಡೆಹಿಡಿಯಿತು. 1994ರಲ್ಲಿ ರಾಜ್ಯ ಸರಕಾರ ಕೃಷ್ಣಾ ಭಾಗ್ಯ ಜಲ ನಿಗಮವನ್ನು ಹುಟ್ಟುಹಾಕಿ, ತಾನೇ ಜಾಮೀನು ನಿಂತು, ಪೇಟೆಯಲ್ಲಿ ಬಾಂಡುಗಳನ್ನು ಮಾರಿ ಹಣ ಎತ್ತಿತು. ಆಲಮಟ್ಟಿಯ ಎತ್ತರದ ಬಗ್ಗೆ ಆಂಧ್ರದೊಂದಿಗಿನ ತಕರಾರು ಸುಪ್ರೀಂ ಕೋರ್ಟಿಗೆ ಹೋಯಿತು. 2000ದ ಏಪ್ರಿಲ್ 25ರ ತೀರ್ಪಿನಲ್ಲಿ ಸದ್ಯಕ್ಕೆ 519.60 ಮೀಟರ್ ಎತ್ತರಕ್ಕೆ ಅವಕಾಶ ಸಿಕ್ಕಿತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. 1964ರಿಂದ 2006ರವರೆಗೆ ಗ್ರಾಹಕ ಬೆಲೆಗಳು ಏರಿದ್ದು ಸ್ಥೂಲವಾಗಿ ಇಪ್ಪತ್ತು ಪಟ್ಟು. ಆ ಲೆಕ್ಕದಲ್ಲಿ 58 ಕೋಟಿ 20 ಲಕ್ಷವು ಹನ್ನೊಂದು, ಹನ್ನೆರಡು ನೂರು ಕೋಟಿಯಾಗಬೇಕಿತ್ತು. ಅದರ ಆಚೆಗೆ ಆದ ಖರ್ಚನ್ನು ಹಣದುಬ್ಬರದ ಖಾತೆಗೆ ಹಾಕಲಾಗದು. ಯೋಜನೆಯ ವ್ಯಾಪ್ತಿ ಹಿಗ್ಗಿ, ಎರಡು ಹಂತ ಸೇರಿ 173 ಟಿ.ಎಂ.ಸಿ. ನೀರು, 6.22 ಲಕ್ಷ ಹೆಕ್ಟೇರ್ ಅಚ್ಚುಕಟ್ಟು ಎಂದಾದದ್ದು ಒಂದು ನ್ಯಾಯವಾದ ಕಾರಣ. ವಿನ್ಯಾಸದ ಬದಲಾವಣೆ ಮತ್ತೊಂದು. ಉಳಿದದ್ದು ವಿಳಂಬ ಮತ್ತು ಮೊದಲ ಪಟ್ಟಿಯಲ್ಲಿ ಬಿಟ್ಟುಹೋದ ಬಾಬತ್ತುಗಳು. ಬಿಟ್ಟುಹೋದವುಗಳಲ್ಲಿ ದೊಡ್ಡದು ಮುಳುಗುವ ಜನರ ಬಾಳು.

ವಿಳಂಬದ ಬಗ್ಗೆಯೂ ಒಂದು ಮಾತು. ಹಣದುಬ್ಬರವೇ ಇಲ್ಲದ ಲೋಕದಲ್ಲೂ ತಡವಾದ ನೀರಿಗೆ ಬೆಲೆ ಕಡಿಮೆ. ಮೇಲಿನ ಆರೂವರೆಯ ನಿಜಬಡ್ಡಿಯಲ್ಲೇ ನೋಡಿದರೂ, ಹತ್ತು ವರ್ಷ ತಡವಾಗಿ ಬರುವ ಬೆಳೆಯ ಮೌಲ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಇದಕ್ಕೆ ತೈಲದ ಬೆಲೆಯನ್ನೋ ಅಮೆರಿಕದ ಡಾಲರನ್ನೋ ದೂರುವಂತಿಲ್ಲ. ಆದರೂ ದೂರು ಹಣದುಬ್ಬರದ ಮೇಲೆಯೇ ಹೋಗುತ್ತದೆ. ಏಕೆಂದರೆ ಹಣದುಬ್ಬರ ಯಾರ ಹೆಸರಿನಲ್ಲೂ ಇಲ್ಲ. ಅದಕ್ಕೆ ನೋಟೀಸು ಕೊಡಲು, ಅಮಾನತು ಮಾಡಲು ಬರುವುದಿಲ್ಲ.

ಕೊಡೆ ಇದ್ದವರು, ಇಲ್ಲದವರು

ಬೆಲೆಯೇರಿಕೆಯ ಮಳೆ ಸುರಿಯುವಾಗ ಯೋಜನೆಯ ಸುತ್ತ ನಿಂತವರಲ್ಲಿ ಯಾರ ಕೈಯಲ್ಲಿ ಕೊಡೆ ಇತ್ತು ಎಂದು ನೋಡೋಣ. ದೊಡ್ಡ ಗುತ್ತಿಗೆಗಳ ಕರಾರಿನಲ್ಲಿ ಬೆಲೆ ವ್ಯತ್ಯಾಸದ ಷರತ್ತು ಇರುತ್ತದೆ. ಸಿಮೆಂಟು, ಉಕ್ಕು, ಡೀಸೆಲ್, ಕೂಲಿಗಳ ಸೂಚ್ಯಂಕ ಏರಿದಂತೆ ಬಿಲ್ಲಿನ ಮೊತ್ತವೂ ಏರುತ್ತದೆ. ಅಧಿಕಾರಿಗಳಿಗೆ, ನೌಕರರಿಗೆ ತುಟ್ಟಿಭತ್ಯೆ ಇದೆ. ಸಾಲ ಕೊಟ್ಟವರು, ಬಾಂಡು ಕೊಂಡವರು ಬಡ್ಡಿಯೊಳಗೇ ಹಣದುಬ್ಬರವನ್ನು ಹಿಡಿದುಕೊಂಡಿರುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಗುತ್ತಿಗೆದಾರ ದಿವಾಳಿಯಾದರೆ, ನೌಕರ ಉಪವಾಸ ಬಿದ್ದರೆ ಅಣೆಕಟ್ಟು ಏಳುವುದಿಲ್ಲ.

ಕೊಡೆ ಇಲ್ಲದೆ ನಿಂತವನು ಹೊಲ ಕಳೆದುಕೊಂಡ ರೈತ. 1894ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಆತನ ಜಮೀನಿನ ಬೆಲೆ ನಿಂತುಬಿಡುವುದು ನಾಲ್ಕನೆಯ ಕಲಮಿನ ಅಧಿಸೂಚನೆ ಹೊರಟ ದಿನ. ಪರಿಹಾರದ ಐತೀರ್ಪು ಬರುವುದು ವರ್ಷಗಳ ನಂತರ. ಹತ್ತು ಸಾವಿರ ರೂಪಾಯಿ ಬೆಲೆಯ ಒಂದು ಎಕರೆ, ಐದು ವರ್ಷದ ವಿಳಂಬ, ವರ್ಷಕ್ಕೆ ಶೇ. 10 ಬೆಲೆಯೇರಿಕೆ ಎಂದು ಲೆಕ್ಕ ಹಾಕಿ. ಬಲವಂತದಿಂದ ತೆಗೆದುಕೊಂಡದ್ದಕ್ಕೆ ಕೊಡುತ್ತಿದ್ದ ಶೇ. 15ರ ಸೋಲೇಷಿಯಂ ಸೇರಿಸಿ ಆತನ ಕೈಗೆ ಬರುವುದು 11,500. ಅಂಥದೇ ಒಂದು ಎಕರೆ ಕೊಳ್ಳಲು ಆಗ ಬೇಕಾದದ್ದು 16,100. ಒಂದು ಎಕರೆ ಕೊಟ್ಟವನಿಗೆ ಮರಳಿ ಸಿಗುವುದು ಮುಕ್ಕಾಲು ಎಕರೆಗೂ ಕಡಿಮೆ. ಉಳಿದ ಕಾಲು ಎಕರೆಯನ್ನು ಕೃಷ್ಣೆ ನುಂಗಲಿಲ್ಲ, ಕ್ಯಾಲೆಂಡರು ನುಂಗಿತು.

1984ರ ತಿದ್ದುಪಡಿ ಈ ಅನ್ಯಾಯವನ್ನು ಒಪ್ಪಿಕೊಂಡಿತು. ಅಧಿಸೂಚನೆಯ ದಿನದಿಂದ ವರ್ಷಕ್ಕೆ ಶೇ. 12ರಂತೆ ಹೆಚ್ಚುವರಿ, ಸೋಲೇಷಿಯಂ ಶೇ. 30, ಬಾಕಿ ಹಣಕ್ಕೆ ಮೊದಲ ವರ್ಷ ಶೇ. 9, ನಂತರ ಶೇ. 15 ಬಡ್ಡಿ, ಘೋಷಣೆಯಾಗಿ ಎರಡು ವರ್ಷದೊಳಗೆ ಐತೀರ್ಪು ಎಂಬ ಗಡುವು, ಇವೆಲ್ಲ ಬಂದವು. ಅಧಿಸೂಚನೆಯ ಬೆಲೆ ಸರಿಯಾಗಿದ್ದರೆ ಕಾಗದದ ಮೇಲೆ ಇದು ಸಾಕಷ್ಟು ಒಳ್ಳೆಯ ಏರ್ಪಾಡೇ. ಆದರೆ ಅಧಿಸೂಚನೆಯ ಬೆಲೆ ನಿರ್ಧಾರವಾಗುತ್ತಿದ್ದುದು ನೋಂದಣಿ ಕಚೇರಿಯ ಖರೀದಿಪತ್ರಗಳಿಂದ. ಮುದ್ರಾಂಕ ಶುಲ್ಕ ಉಳಿಸಲು ಜನ ಅಲ್ಲಿ ಕಡಿಮೆ ಬೆಲೆ ಬರೆಸುತ್ತಿದ್ದುದು ಯಾರಿಗೂ ಹೊಸ ವಿಷಯವಲ್ಲ. ಮುಳುಗುತ್ತದೆಂದು ಗೊತ್ತಾದ ಊರಿನಲ್ಲಿ ಹೊಲ ಕೊಳ್ಳುವವರೇ ಇರುವುದಿಲ್ಲವಾದ್ದರಿಂದ ಇದ್ದ ಬೆಲೆಯೂ ಬಿದ್ದುಹೋಗಿರುತ್ತದೆ. ನ್ಯಾಯಾಲಯಕ್ಕೆ ಹೋದವರಿಗೆ ಹೆಚ್ಚು ಸಿಗುತ್ತಿತ್ತು, ಹೋಗಲಾಗದವರಿಗೆ ಇಲ್ಲ.

ಯಾವ ಸೂಚ್ಯಂಕವೂ ಹಿಡಿಯದ ಇನ್ನೊಂದು ಹಣದುಬ್ಬರವಿದೆ. ಹತ್ತಾರು ಹಳ್ಳಿಗಳ ಜನಕ್ಕೆ ಒಂದೇ ಕಾಲಕ್ಕೆ ಪರಿಹಾರದ ಚೆಕ್ ಬರುತ್ತದೆ. ಎಲ್ಲರೂ ಹತ್ತಿರದಲ್ಲೇ ಹೊಲ ಹುಡುಕುತ್ತಾರೆ. ಮುಳುಗದ ಊರಿನ ಎಕರೆ ಬೆಲೆ ಬೆಳಗಾಗುವುದರೊಳಗೆ ಜಿಗಿಯುತ್ತದೆ. ಹೊಲ ಸಿಗದೆ ಉಳಿದ ಹಣ ಮದುವೆಗೆ, ಸಾಲಕ್ಕೆ, ಮೋಟಾರ್ ಸೈಕಲ್ಲಿಗೆ ಹೋಗುತ್ತದೆ. ‘ಕುಡಿದು ಹಾಳು ಮಾಡಿದರು’ ಎಂದು ಆಡಿಕೊಳ್ಳುವವರು ಆ ಹಣಕ್ಕೆ ಹೊಲ ಸಿಗುತ್ತಿತ್ತೇ ಎಂದು ಕೇಳುವುದಿಲ್ಲ.

ಇನ್ನು ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಯಂಥ ಪಟ್ಟಣವನ್ನು ನೋಡಿ. 1983ರ ಕಾಯ್ದೆಯ ಮೂಲಕ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ರಚನೆಯಾಗಿ ನವನಗರ ಎದ್ದಿತು. ಆಸ್ತಿಪತ್ರ ಇದ್ದವರಿಗೆ ನಿವೇಶನ, ಪರಿಹಾರ ಸಿಕ್ಕಿತು. ಆದರೆ ಬಾಡಿಗೆ ಮನೆಯ ನೇಕಾರ, ಓಣಿಯ ಬಾಯಿಗೆ ಕೂತು ಬಳೆ ಮಾರುವವಳು, ಉದ್ರಿ ಕೊಡುವ ಕಿರಾಣಿಯವನು, ಇವರ ಸಂಪತ್ತೆಲ್ಲ ಇದ್ದದ್ದು ಗಿರಾಕಿಗಳ ಪರಿಚಯದಲ್ಲಿ. ಅದಕ್ಕೆ ದರಪಟ್ಟಿ ಇಲ್ಲ. ದೇವಸ್ಥಾನ, ದರ್ಗಾ, ಖಬರಸ್ತಾನಗಳಿಗೆ ಯಾವ ವರ್ಷದ ಬೆಲೆ ಹಿಡಿದರೂ ಅದು ಬೆಲೆಯಲ್ಲ.

ನಮ್ಮ ಫಿಕ್ಹ್‌ನಲ್ಲಿ ಇದಕ್ಕೆ ಹತ್ತಿರದ ಚರ್ಚೆಯೊಂದಿದೆ. ಫುಲೂಸ್‌ನ ಬೆಲೆ ಬಿದ್ದುಹೋದರೆ ಸಾಲಗಾರ ಅಷ್ಟೇ ನಾಣ್ಯ ಎಣಿಸಿ ಕೊಟ್ಟರೆ ಸಾಕೇ, ಅಥವಾ ಆ ದಿನದ ಮೌಲ್ಯ ಕೊಡಬೇಕೇ? ಮೌಲ್ಯ ಕೊಡಬೇಕು ಎಂಬ ಅಭಿಪ್ರಾಯ ಇಮಾಮ್ ಅಬೂ ಯೂಸುಫ್ (ನಿಧನ 798) ಅವರದು. 1988ರಲ್ಲಿ ಕುವೈತಿನಲ್ಲಿ ಸೇರಿದ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯು, ಸಾಲವನ್ನು ಬೆಲೆ ಸೂಚ್ಯಂಕಕ್ಕೆ ಕಟ್ಟಿದರೆ ಬಡ್ಡಿಗೆ ಬಾಗಿಲು ತೆರೆದಂತಾದೀತೆಂಬ ಎಚ್ಚರದಿಂದ, ಎಣಿಕೆಯಷ್ಟೇ ಮರಳಿಸಬೇಕು ಎಂದಿತು. ಸಾಲದ ವಿಷಯದಲ್ಲಿ ವಿದ್ವಾಂಸರ ಚರ್ಚೆ ನಡೆದೇ ಇರಲಿ. ಪರಿಹಾರ ಸಾಲವಲ್ಲ. ರೈತ ಸರಕಾರಕ್ಕೆ ಸಾಲ ಕೊಡಲು ಹೋಗಿರಲಿಲ್ಲ. ಅದು ಬಲವಂತದ ಖರೀದಿಯ ಬೆಲೆ. ಕೊಂಡವನು ತಡ ಮಾಡಿದರೆ ತಡದ ನಷ್ಟ ಕೊಂಡವನದೇ ಆಗಬೇಕೆಂಬುದು ಯಾವ ಧರ್ಮದವರೂ ಒಪ್ಪುವ ನ್ಯಾಯ.

ಚಿಕ್ಕಪಡಸಲಗಿಯ ಪಾಠ

ಇದೇ ಕೃಷ್ಣೆಯ ಮೇಲೆ, ಆಲಮಟ್ಟಿಯ ಮೇಲ್ಭಾಗದಲ್ಲಿ, ಜಮಖಂಡಿ ಸೀಮೆಯ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ಬೇರೆಯದೇ ಘಟನೆ ನಡೆಯಿತು. ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ರೈತರು ತಾವೇ ವಂತಿಗೆ ಎತ್ತಿ, ಶ್ರಮದಾನ ಮಾಡಿ, ಸರಕಾರದ ಹಣಕ್ಕೆ ಕಾಯದೆ, ಸುಮಾರು ಒಂದು ಕೋಟಿ ರೂಪಾಯಿಯಲ್ಲಿ ಬ್ಯಾರೇಜು ಕಟ್ಟಿಕೊಂಡರು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರಾಯಿತು. ‘ಬ್ಯಾರೇಜ್ ಸಿದ್ದು’ ಎಂದೇ ಹೆಸರಾದ ಅವರು 1991ರಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ ಲೋಕಸಭೆಗೆ ಹೋದದ್ದನ್ನು ಆ ಭಾಗದ ಜನ ಇಂದಿಗೂ ನೆನೆಯುತ್ತಾರೆ.

ಬ್ಯಾರೇಜಿಗೂ ಆಲಮಟ್ಟಿಯಂಥ ಅಣೆಕಟ್ಟಿಗೂ ಹೋಲಿಕೆಯಿಲ್ಲ ಎಂಬುದು ನಮಗೆ ಗೊತ್ತು. ಅದರ ಗಾತ್ರ ಸಣ್ಣದು, ಅಂತರರಾಜ್ಯ ವ್ಯಾಜ್ಯದ ಗೊಡವೆ ಇಲ್ಲ, ಪಟ್ಟಣವೊಂದನ್ನು ಎತ್ತಿ ಇಡುವ ಕಷ್ಟವಿಲ್ಲ. ಆದರೆ ಲೆಕ್ಕದ ಪಾಠ ಒಂದಿದೆ. ದುಡ್ಡು ಹಾಕಿದವರೇ ನೀರು ಎತ್ತುವವರು. ಒಂದು ಹಂಗಾಮು ತಡವಾದರೆ ನಷ್ಟ ತಮ್ಮದೇ. ಹಾಗಾಗಿ ಕೆಲಸ ಬೇಗ ಮುಗಿಯಿತು, ರೂಪಾಯಿಗೆ ಕರಗಲು ಹೊತ್ತೇ ಸಿಗಲಿಲ್ಲ. ಹಣದುಬ್ಬರಕ್ಕೆ ಬೇಗ ಮುಗಿಸುವುದಕ್ಕಿಂತ ಒಳ್ಳೆಯ ಮದ್ದಿಲ್ಲ.

ಮೂರನೆಯ ಹಂತ, ಹಳೆಯ ಪ್ರಶ್ನೆ

ಚರಿತ್ರೆ ಇಲ್ಲಿಗೆ ಮುಗಿದಿದ್ದರೆ ಇದು ಕಳೆದುಹೋದವರ ಕತೆಯಾಗಿ ಉಳಿಯುತ್ತಿತ್ತು. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರ ಡಿಸೆಂಬರಿನಲ್ಲಿ ಆಲಮಟ್ಟಿಯನ್ನು 524.256 ಮೀಟರಿಗೆ ಎತ್ತರಿಸಲು ಅವಕಾಶ ಕೊಟ್ಟಿತು. ತೀರ್ಪಿನ ಗೆಜೆಟ್ ಪ್ರಕಟಣೆಗೆ 2011ರಲ್ಲಿ ಸುಪ್ರೀಂ ಕೋರ್ಟಿನ ತಡೆ ಬಂತು. ಇತ್ತ ಮೂರನೆಯ ಹಂತಕ್ಕೆ ಮೊದಲು ಹಾಕಿದ ಅಂದಾಜು 17,207 ಕೋಟಿ ರೂಪಾಯಿ. 2014-15ರ ದರಗಳಲ್ಲಿ ಪರಿಷ್ಕರಿಸಿದಾಗ ಅದು 51,148 ಕೋಟಿಯಾಯಿತು.

ಮೂರು ಪಟ್ಟು! ಹಣದುಬ್ಬರವೇ? ಆ ಮೂರು ವರ್ಷಗಳಲ್ಲಿ ಗ್ರಾಹಕ ಬೆಲೆಗಳು ಏರಿದ್ದು ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಬೆಲೆಯೇರಿಕೆ ಒಂದೇ ಕಾರಣವಾಗಿದ್ದರೆ ಅಂದಾಜು 23 ಸಾವಿರ ಕೋಟಿ ದಾಟುತ್ತಿರಲಿಲ್ಲ. ಬದಲಾದದ್ದು ಮುಖ್ಯವಾಗಿ ಕಾನೂನು. 2014ರ ಜನವರಿ 1ರಿಂದ ಹೊಸ ಭೂಸ್ವಾಧೀನ ಕಾಯ್ದೆ ಜಾರಿಗೆ ಬಂತು. ಹಳ್ಳಿಯ ಜಮೀನಿಗೆ ಮಾರುಕಟ್ಟೆ ಬೆಲೆಯ ಎರಡು ಪಟ್ಟಿನವರೆಗೆ, ಅದರ ಮೇಲೆ ಶೇ. 100 ಸೋಲೇಷಿಯಂ, ಜೊತೆಗೆ ಪುನರ್ವಸತಿಯ ಹಕ್ಕು. ಹೊಲಕ್ಕೆ ನ್ಯಾಯವಾದ ಬೆಲೆ ಕಟ್ಟಬೇಕೆಂದು ಕಾನೂನು ಹೇಳಿದ ಕೂಡಲೇ ಯೋಜನೆಯ ವೆಚ್ಚ ಮೂರು ಪಟ್ಟಾಯಿತು ಎಂದರೆ ಅರ್ಥವೇನು? ಅದಕ್ಕೆ ಮೊದಲಿನ ಲೆಕ್ಕ ಅಗ್ಗವಾಗಿ ಕಾಣುತ್ತಿದ್ದುದು ಆ ಪಾಲನ್ನು ಮುಳುಗುವವರು ಹೊರುತ್ತಿದ್ದುದರಿಂದ. ಆಲಮಟ್ಟಿಯ ಮೊದಲೆರಡು ಹಂತಗಳಲ್ಲಿ ಸಂತ್ರಸ್ತರು ಹೊತ್ತ ಆ ಮೊತ್ತ ಯಾವ ಲೆಕ್ಕಪತ್ರದಲ್ಲೂ ವೆಚ್ಚವೆಂದು ಬರಲಿಲ್ಲ. ಲಾಭ-ವೆಚ್ಚ ಅನುಪಾತದ ಲಾಭದ ತಟ್ಟೆ ಭಾರವಾಗಿ ಕಂಡದ್ದರಲ್ಲಿ ಅವರ ಪಾಲೂ ಇತ್ತು.

2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವು ಮೂರನೆಯ ಹಂತದಲ್ಲಿ ಮುಳುಗುವ ಸುಮಾರು 75 ಸಾವಿರ ಎಕರೆಗೆ, ನೀರಾವರಿ ಜಮೀನಾದರೆ ಎಕರೆಗೆ 40 ಲಕ್ಷ, ಒಣಭೂಮಿಯಾದರೆ 30 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿತು. ಒಟ್ಟು ಹೊರೆ 70 ಸಾವಿರ ಕೋಟಿಯ ಆಸುಪಾಸು ಎಂದು ಹೇಳಲಾಯಿತು. ಹಣ ಒಂದೇ ಸಲ ಬರುವುದಿಲ್ಲ, ಕೆಲವು ವರ್ಷಗಳಲ್ಲಿ ಹಂಚಿ ಬರುತ್ತದೆ. ಮೊತ್ತ ದೊಡ್ಡದೇ, ನಿರ್ಧಾರ ಸ್ವಾಗತಾರ್ಹವೇ. ಆದರೆ ಈ ಲೇಖನವನ್ನು ಇಲ್ಲಿಯವರೆಗೆ ಓದಿದವರಿಗೆ ಕೇಳಬೇಕಾದ ಪ್ರಶ್ನೆ ತಾನಾಗಿ ಹೊಳೆದೀತು. ನಲವತ್ತು ಲಕ್ಷ ಎಂದರೆ ಯಾವ ವರ್ಷದ ನಲವತ್ತು ಲಕ್ಷ? ಮೊದಲ ವರ್ಷ ಚೆಕ್ ಪಡೆದವನಿಗೂ ಕೊನೆಯ ವರ್ಷ ಪಡೆದವನಿಗೂ ಸಂಖ್ಯೆ ಒಂದೇ ಆದರೆ ಹೊಲ ಒಂದೇ ಆಗುತ್ತದೆಯೇ?

ನಮ್ಮ ಮಟ್ಟಿಗೆ ಬೇಡಿಕೆಗಳು ಸರಳ. ಯೋಜನೆಯ ಪ್ರತಿಯೊಂದು ಅಂದಾಜಿನ ಪಕ್ಕದಲ್ಲಿ ಅದು ಯಾವ ವರ್ಷದ ಬೆಲೆ, ಯಾವ ಬಡ್ಡಿದರ ಹಿಡಿಯಲಾಗಿದೆ ಎಂಬುದನ್ನು ಜನರಿಗೆ ಕಾಣುವಂತೆ ಬರೆಯಲಿ. ವೆಚ್ಚ ಏರಿದಾಗ ಅದರಲ್ಲಿ ಬೆಲೆಯೇರಿಕೆಯ ಪಾಲೆಷ್ಟು, ವಿಳಂಬದ್ದೆಷ್ಟು, ಮೊದಲು ಬಿಟ್ಟದ್ದೆಷ್ಟು ಎಂದು ಬೇರೆ ಬೇರೆಯಾಗಿ ಶಾಸನಸಭೆಯ ಮುಂದಿಡಲಿ. ಗುತ್ತಿಗೆದಾರನ ಬಿಲ್ಲಿಗೆ ಅನ್ವಯಿಸುವ ಬೆಲೆ ವ್ಯತ್ಯಾಸದ ಷರತ್ತು, ನೌಕರನ ಸಂಬಳಕ್ಕೆ ಸೇರುವ ತುಟ್ಟಿಭತ್ಯೆ, ಹೊಲ ಕೊಟ್ಟವನ ಪರಿಹಾರಕ್ಕೂ ಹಣ ಕೈಸೇರುವ ದಿನದವರೆಗೆ ಅನ್ವಯಿಸಲಿ. ಸಾಧ್ಯವಿದ್ದಲ್ಲೆಲ್ಲ ಹಣಕ್ಕಿಂತ ಮೊದಲು ಹೊಲ, ಮನೆ ಕೊಡಲಿ. ರೂಪಾಯಿ ಕರಗುತ್ತದೆ, ಮಣ್ಣು ಕರಗುವುದಿಲ್ಲ.

ನಾಡಿಗೆ ನೀರು ಬೇಕು. ಶಹಾಪುರ, ಶೋರಾಪುರಗಳ ಬಯಲಿಗೆ ಕಾಲುವೆ ಬಂದು ಬೆಳೆ ನಿಂತದ್ದನ್ನು ಕಂಡವರು ಅಣೆಕಟ್ಟು ಬೇಡವೆನ್ನಲಾರರು. ಆ ಬೆಳೆಯ ಬೆಲೆಯಲ್ಲಿ ಒಂದಷ್ಟನ್ನು ಕೃಷ್ಣೆಯ, ಘಟಪ್ರಭೆಯ ದಂಡೆಯ ಜನ ತಮ್ಮ ಕಿಸೆಯಿಂದ ಕೊಟ್ಟಿದ್ದಾರೆ. ಮೂರನೆಯ ಹಂತದ ಗೇಟುಗಳು ಏರುವ ಮೊದಲು ಆ ಬಾಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.